ತುಳಜಾರಾಮನ ರುಮಾಲು ಶಾಸ್ತ್ರ

ನಮ್ಮ ಕಲ್ಯಾಣದ ಬೀದಿಯಲ್ಲಿ ಯಾರಾದರೂ "ಅಯ್ಯೋ" ಎಂದರೆ ಸಾಕು, "ನಾ ಇದ್ದೀನಿ ನೋಡ್ರಿ!" ಎಂದು ಒಂದು ದನಿ ಏಳುತ್ತಿತ್ತು. ಅದು ನನ್ನ ಪಕ್ಕದ ಮನೆಯ ತುಳಜಾರಾಮನದು. ಏನಾಗಿದೆ, ಯಾರಿಗಾಗಿದೆ, ತನ್ನಿಂದ ಏನಾದರೂ ಆದೀತೇ ಎಂಬುದನ್ನೆಲ್ಲ ಅವನು ಆಮೇಲೆ ಕೇಳುತ್ತಿದ್ದ. ಎಮ್ಮೆ ಈಯಲಿ, ಗೋಡೆ ಬೀಳಲಿ, ಇಬ್ಬರು ಜಗಳಾಡಲಿ, ಮೊದಲು ಅವನು ಅಲ್ಲಿರುತ್ತಿದ್ದ. ಬಟ್ಟೆ ಕತ್ತರಿಸಿ ಆಮೇಲೆ ಅಳತೆ ತೆಗೆಯುವವನನ್ನು ನನ್ನ ಅಂಗಡಿಯಲ್ಲಿ ನಾನು ಒಂದು ದಿನವೂ ಇಟ್ಟುಕೊಳ್ಳುವವನಲ್ಲ. ಆದರೆ ಪಕ್ಕದ ಮನೆಯವನನ್ನು ಆರಿಸಿಕೊಳ್ಳುವ ಹಕ್ಕು ಯಾವ ದರ್ಜಿಗಿದೆ ಹೇಳಿ?

ಹೌದು, ನಾನು ದರ್ಜಿ, ಲಾಲ್ ಅಹ್ಮದ್. ಕಿಲ್ಲೆಯ ದಾರಿಯಲ್ಲಿ ನನ್ನ ಹೊಲಿಗೆ ಅಂಗಡಿ, ಅದರ ಎದುರಿಗೆ ತುಳಜಾರಾಮನ ಹಗ್ಗದ ಅಂಗಡಿ. ಹಗ್ಗ ಹೆಚ್ಚೇನೂ ಹೋಗುತ್ತಿರಲಿಲ್ಲ. ಊರಿನವರೆಲ್ಲ ನೀರಿಗೆ ಬಾವಡಿಗೆ, ಅಂದರೆ ಮೆಟ್ಟಿಲ ಬಾವಿಗೆ ಇಳಿಯುತ್ತಿದ್ದರು. ಮೊಣಕಾಲುಮಟ ನೀರಿನಲ್ಲಿ ನಿಂತು ಕೊಡ ಮುಳುಗಿಸಿ ತರುವವರಿಗೆ ಹಗ್ಗ ಯಾಕೆ ಬೇಕು? ಅಂಗಡಿ ಹೇಗೇ ಇರಲಿ, ಅವನ ತಲೆಯ ಮೇಲಿನ ರುಮಾಲು ಮಾತ್ರ ನವಾಬರದು. ಮದುವೆಯಲ್ಲಿ ಹುಮನಾಬಾದಿನ ಮಾವ ಸುತ್ತಿಸಿದ ಜರಿಯಂಚಿನ ರುಮಾಲು ಅದು. ಅದಿಲ್ಲದೆ ಅವನನ್ನು ಕಂಡವರೆಂದರೆ ಅವನ ಹೆಂಡತಿ ಕೇಶರಬಾಯಿ ಮತ್ತು ಅವನ ತಲೆದಿಂಬು.

ಆ ರುಮಾಲೇ ಮನೆ ಮುರಿಯಿತು. ದೂರದಲ್ಲೆಲ್ಲೋ ದೊಡ್ಡ ಲಡಾಯಿ ನಡೆದಿದ್ದ ವರ್ಷಗಳವು. ನಮಗೆ ನಮ್ಮದೇ ಲಡಾಯಿ, ನಾರುಹುಣ್ಣಿನದು. ಬೇಸಿಗೆ ಬಂತೆಂದರೆ ಕಾಲಲ್ಲಿ ಬೊಕ್ಕೆ ಎದ್ದು ಒಡೆದು ಒಳಗಿನಿಂದ ದಾರದಂಥ ಹುಳು ತಲೆ ಹಾಕುತ್ತಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ, ತುಂಡಾಗದಂತೆ ದಿನಕ್ಕಿಷ್ಟು ಎಳೆಯುತ್ತ ಮನೆಯಲ್ಲಿ ಕೂರಬೇಕು. ಹುಟ್ಟಿದಂದಿನಿಂದ ದಾರದ ಜೊತೆ ಬದುಕಿದ ನಾನು ಹೆದರಿದ ದಾರ ಅದೊಂದೇ. ತುಳಜಾರಾಮನ ಅಕ್ಕನ ಮಗ ಮಚ್ಚೇಂದ್ರ, ಹದಿನಾರು ವರ್ಷದವನು, ಮಾಮನ ಮನೆಯಲ್ಲಿದ್ದು ಓದುತ್ತಿದ್ದ. ಅವನ ಕಾಲಿಗೂ ನಾರು ಬಂದು ಆ ವರ್ಷದ ಪರೀಕ್ಷೆ ಹೋಯಿತು. ಹುಮನಾಬಾದಿನ ಒಬ್ಬ ಡಾಕ್ಟರರು ಅವನಿಗೆ ಬಿಡಿಸಿ ಹೇಳಿದರು: ಹುಣ್ಣಿನ ಕಾಲು ನೀರಿಗಿಟ್ಟರೆ ಹುಳುವಿನ ಮರಿಗಳು ನೀರಿಗಿಳಿದು ಅಲ್ಲಿಯ ಚುಕ್ಕೆಯಂಥ ನೀರುಹುಳುಗಳ ಒಳಗೆ ಸೇರುತ್ತವೆ, ಆ ನೀರು ಕುಡಿದವರ ಹೊಟ್ಟೆಗೆ ಹೋಗುತ್ತವೆ, ಬಾವಡಿಗೆ ಇಳಿಯಬೇಡಿ, ದಟ್ಟ ಬಟ್ಟೆಯಲ್ಲಿ ಸೋಸದೆ ನೀರು ಕುಡಿಯಬೇಡಿ.

ಹುಡುಗ ಮನೆಗೆ ಬಂದು ಅತ್ತೆಗೆ ಹೇಳಿದ. ಕೇಶರಬಾಯಿ ಕೇಳಿದ ಒಳ್ಳೆಯ ಮಾತನ್ನು ನಾಳೆಗಿಡುವ ಹೆಂಗಸಲ್ಲ. ಮನೆಯಲ್ಲಿ ದಟ್ಟ ಬಟ್ಟೆ ಯಾವುದಿದೆ ಎಂದು ಸುತ್ತ ನೋಡಿದಳು. ಯಜಮಾನರು ಸ್ನಾನಕ್ಕೆ ಹೋಗಿದ್ದರು, ಗೂಟದ ಮೇಲೆ ರುಮಾಲಿತ್ತು. ಆಮೇಲಿನದು ಗೋಡೆಯಾಚೆಗಿದ್ದ ನಮಗೂ ಕೇಳಿಸಿತು.

"ತಲಿ ಮ್ಯಾಗಿಂದು ಕೊಡದ ಬಾಯಿಗೆ ಕಟ್ಟೀಯಲ್ಲ! ನಾಳೆ ಕೊಡ ತಂದು ನನ್ನ ತಲಿ ಮ್ಯಾಗ ಡಬ್ಬ ಹಾಕ್ತಿ!"

"ಕೊಡದಾಗ ನೀರರ ಇರ್ತದ್ರಿ. ತಲ್ಯಾಗ ಏನದ?"

ಅವಳು ಆ ಮಧ್ಯಾಹ್ನದ, ಇದ್ದಿಲ ಹೊಗೆಯಿಂದ ಓಡುವ ಮೋಟಾರು ಬಸ್ಸು ಹತ್ತಿ ತವರಿಗೆ, ಹುಮನಾಬಾದಿಗೆ, ಹೋಗಿಬಿಟ್ಟಳು. "ಕರಿಯಾಕ ಬಂದ್ರ ಬರ್ತೀನಿ" ಎಂದು ಅವಳು. "ಹೋದಾಕಿ ತಾನೇ ಬರ್ತಾಳ" ಎಂದು ಇವನು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಮಾಮ ಅಳಿಯ ಇಬ್ಬರೂ ಒಂದು ಮಗ್ಗುಲು ಹಸಿ, ಒಂದು ಮಗ್ಗುಲು ಕರಕಲು ರೊಟ್ಟಿ ತಿಂದುಕೊಂಡಿದ್ದರು. ತುಳಜಾರಾಮ ದಿನಾ ಸಂಜೆ ರುಮಾಲು ಸುತ್ತಿ ಮೋಟಾರು ನಿಲ್ಲುವ ಕಡೆ ಹೋಗಿ ಬರುತ್ತಿದ್ದ. ಯಾಕೆ ಎಂದರೆ "ಹಂಗ, ಗಾಳಿಗೆ" ಎನ್ನುತ್ತಿದ್ದ. ಗಾಳಿ ಹುಮನಾಬಾದಿನ ಕಡೆಯಿಂದ ಬರುತ್ತಿತ್ತು. ಪಾಪ, ಹೆಂಡತಿ ಇಲ್ಲದೆ ಅವನು ಸೊರಗಿ ಹೋಗಿದ್ದ.

ಇತ್ತ ಮಚ್ಚೇಂದ್ರನಿಗೆ ಊರನ್ನೇ ಉದ್ಧಾರ ಮಾಡುವ ಹುಮ್ಮಸ್ಸು. ಅವನ ಜೊತೆಗೆ ನನ್ನ ಮಗ ಗಯಾಸುದ್ದೀನ್. ಇಬ್ಬರಿಗೂ ಬುದ್ಧಿ ಕೊಡುವವಳು ನನ್ನ ಮಗಳು, ಹದಿನೈದರ ಲತೀಫಾ. ಅವಳು ಗೋಡೆಯ ಈಚೆ ನಿಂತು ಹುಕುಂ ಹೊರಡಿಸುವುದು, ಹುಡುಗರು ಆಚೆ ಓಡುವುದು. ಮನೆಮನೆಗೆ ಹೋಗಿ "ನೀರು ಸೋಸ್ರಿ" ಎಂದು ಹೇಳಿದರು. ಊರೆಲ್ಲ ಅವರನ್ನೇ ಸೋಸಿ ಚೆಲ್ಲಿತು.

"ನಮ್ಮಜ್ಜ ಇದೇ ನೀರು ಕುಡದು ತೊಂಬತ್ತು ವರ್ಷ ಬದುಕ್ಯಾನ, ನಿಂದೇನೋ ನಡುವ?" ಎಂದರು ಒಬ್ಬರು.

"ಅಜ್ಜಗ ನಾರು ಆಗಿರಲಿಲ್ಲೇನ್ರಿ?"

"ಆಗದ ಏನು? ವರ್ಷಾ ಆಗ್ತಿತ್ತು. ಮನುಷ್ಯಾ ಅಂದಮ್ಯಾಗ ಆಗ್ತದ!"

ಹಾಗಾದರೆ ದೊಡ್ಡ ಸಭೆ ಮಾಡಬೇಕು, ಎಲ್ಲರನ್ನೂ ಕೂಡಿಸಿ ಹೇಳಬೇಕು ಎಂದು ಹುಡುಗರು ನಿರ್ಧರಿಸಿದರು. ಸಭೆಗೆ ಒಬ್ಬ ಸದರ್, ಅಂದರೆ ಅಧ್ಯಕ್ಷ, ಬೇಕಲ್ಲ? ಮಾತು ಮುಗಿಯುವ ಮೊದಲೇ ತುಳಜಾರಾಮ, "ನಾ ಇದ್ದೀನಿ ನೋಡ್ರಿ!" ಎಂದ. ಯಾವುದರ ಸಭೆ ಎಂದು ಕೇಳಿದ್ದು ಮರುದಿನ. ಆದರೆ ಆಗ ನಾಲ್ಕು ಮಂದಿ ಸೇರಿ ಭಾಷಣ ಮಾಡಬೇಕಾದರೆ ಸರ್ಕಾರದ ಇಜಾಜತ್, ಅಪ್ಪಣೆ, ಬೇಕಿತ್ತು. ಹುಡುಗರು ಅರ್ಜಿ ಕೊಟ್ಟರು. ಅರ್ಜಿ ಹೋಯಿತು, ಬೇಸಿಗೆ ಬಂತು, ಇಜಾಜತ್ ಬರಲಿಲ್ಲ.

ಒಂದು ದಿನ ನಾನು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಲತೀಫಾ ಬಂದು ಕೂತಳು. "ಅಬ್ಬಾ, ಮದುವಿ ಮಾಡಾಕ ಇಜಾಜತ್ ಬೇಕೇನು?"

"ಮದುವಿಗೆ ಯಾರು ಕೇಳ್ತಾರ ಬೇಟಿ?"

"ಹಂಗಾದ್ರ ಆತು ಬಿಡ್ರಿ" ಎಂದು ಎದ್ದು ಹೋದಳು. ನಾನು ಮತ್ತೆ ದಾರ ಪೋಣಿಸತೊಡಗಿದೆ.

ಮರುದಿನ ಬೆಳಿಗ್ಗೆ ತುಳಜಾರಾಮನ ಮನೆಯ ಮುಂದೆ ಹಂದರ ಎದ್ದಿತು. ಮಾವಿನ ತೋರಣ ಬಂತು. ಬಾಜಾದವರಿಗೆ ಹೇಳಿ ಕಳಿಸಿದ್ದರು. ಸಭೆಗೆ ಇಷ್ಟು ಮರ್ಯಾದೆಯೇ ಎಂದು ಒಳಗೆ ತುಳಜಾರಾಮ ಕನ್ನಡಿಯ ಮುಂದೆ ಅಧ್ಯಕ್ಷರ ಮುಖ ಮಾಡುತ್ತ ನಿಂತಿದ್ದ. ಅಷ್ಟರಲ್ಲಿ ಪೊಲೀಸ್ ಅಮೀನಸಾಹೇಬ ಮೊಹಿನುದ್ದೀನ್ ಕುಂಟುತ್ತ ಬಂದರು. ಊರಿಗೆ ಹೊಸಬರು. ಕಾಲಿಗೆ ದಪ್ಪ ಪಟ್ಟಿ. ಕುದುರೆ ಒದ್ದಿದೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದರು. ಅವರ ಕುದುರೆಯನ್ನು ನಾವು ನೋಡಿದ್ದೆವು, ಅದಕ್ಕೆ ಮೈಮೇಲಿನ ನೊಣ ಓಡಿಸುವ ತ್ರಾಣವೂ ಇರಲಿಲ್ಲ.

"ಹಂದರ ಯಾಕ ಹಾಕೀರಿ? ಜಲ್ಸಾ, ಸಭಾ ಗಿಭಾ ಏನರ ಅದೇನು?"

"ಇಲ್ರಿ ಸಾಹೇಬ್, ಶುಕ್ರವಾರ ಮದುವಿ ಅದ" ಎಂದ ಮಚ್ಚೇಂದ್ರ.

"ಯಾರ ಮದುವಿ? ದೂಲಾ ಯಾರು?"

ಹುಡುಗರು ಮುಖ ಮುಖ ನೋಡಿಕೊಂಡರು. ಹಂದರ, ತೋರಣ, ಬಾಜಾ ಎಲ್ಲ ನೆನಪಿಟ್ಟಿದ್ದರು. ಮದುವೆಗೊಬ್ಬ ಗಂಡು ಬೇಕೆಂಬುದು ಮರೆತೇ ಹೋಗಿತ್ತು. ಒಳಗಿದ್ದ ತುಳಜಾರಾಮನಿಗೆ ಹೊರಗೆ ಯಾರೋ ದೊಡ್ಡವರು ಯಾರನ್ನೋ ಕೇಳುತ್ತಿದ್ದಾರೆ ಎಂಬಷ್ಟು ತಿಳಿಯಿತು. ಅವನಿಗೆ ಅಷ್ಟು ಸಾಕು. ರುಮಾಲು ಸರಿಮಾಡಿಕೊಂಡು ಹೊರಗೆ ಹಾರಿ ಬಂದ.

"ನಾ ಇದ್ದೀನಿ ನೋಡ್ರಿ!"

ಅಮೀನಸಾಹೇಬರು ಅವನನ್ನು ಅಡಿಯಿಂದ ಮುಡಿಯತನಕ ನೋಡಿದರು. "ಮುಬಾರಕ್. ಉಮರ್ ಸ್ವಲ್ಪ ಜಾಸ್ತಿ ಆದಂಗ ಕಾಣ್ತದ."

"ಇಂಥಾ ಜವಾಬ್ದಾರಿಗೆ ಉಮರ್ ಆಗಿರಬೇಕಲ್ರಿ ಸಾಹೇಬ್" ಎಂದ ನಮ್ಮ ಅಧ್ಯಕ್ಷ.

"ಮೊದಲು ಯಾವಾಗರ ಆಗಿತ್ತೇನು?"

"ಇದ ಮೊದಲ ಸಲ ನೋಡ್ರಿ. ಛಲೋ ಆದ್ರ ವರ್ಷಾ ಒಂದು ಮಾಡೂಣಂತ ವಿಚಾರ ಅದ."

ಅಮೀನಸಾಹೇಬರಿಗೆ ಕೆಮ್ಮು ಬಂತು. "ಶುಕ್ರವಾರ ನಾನೂ ಬರ್ತೀನಿ. ಆದ್ರ ನೋಡ್ರಿ, ಮದುವಿ ಅಂತ ಹೇಳಿ ಜಲ್ಸಾ ಮಾಡಿದ್ರ ಈ ಹುಡುಗರ ಸಮೇತ ಎಲ್ಲಾರೂ ಹವಾಲಾತಿಗೆ" ಎಂದು ಹೇಳಿ ಕುಂಟುತ್ತ ಹೋದರು.

ಹುಡುಗರು ವಿಷಯ ಬಿಡಿಸಿ ಹೇಳಿದಾಗ ತುಳಜಾರಾಮ ತನ್ನ ಹಗ್ಗದ ರಾಶಿಯ ಮೇಲೆ ಕುಸಿದು ಕೂತ. "ಅಂದ್ರ ಮದುವಿ ನನಗ?"

"ಸುಳ್ಳ ಮದುವಿ ಮಾಮಾ."

"ಸುಳ್ಳಂತ ನಿಮ್ಮತ್ತಿಗೆ ಯಾರು ಹೇಳ್ತಾರೋ, ಮುಠ್ಠಾಳಾ?"

ಅದೇ ಪೇಚು. ಮದುವೆ ಸುಳ್ಳು ಎಂದು ಬಾಯಿಬಿಟ್ಟರೆ ಹುಡುಗರು ಹವಾಲಾತಿನ ಕಂಬಿಯ ಹಿಂದೆ; ಬಾಯಿ ಮುಚ್ಚಿಕೊಂಡರೆ ಕೇಶರಬಾಯಿ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ಗುಟ್ಟಾಗಿ ಹೇಳಿ ಕಳಿಸೋಣವೆಂದರೆ ಹುಮನಾಬಾದಿಗೆ ಹೋದ ಗುಟ್ಟು ಅದೇ ಮೋಟಾರಿನಲ್ಲಿ ಇಡೀ ಊರಿಗೆ ವಾಪಸು ಬರುತ್ತದೆ. ಮನುಷ್ಯ ಎರಡು ದಿನ ಊಟ ಬಿಟ್ಟ. ಹಾಗೆಂದು ಆ ರೊಟ್ಟಿ ಬಿಟ್ಟದ್ದು ದೊಡ್ಡ ತ್ಯಾಗವೇನಲ್ಲ.

ಸುದ್ದಿ ಮಾತ್ರ ಹಬ್ಬಿತು. ನನ್ನ ಹೆಂಡತಿ ಬಿಸ್ಮಿಲ್ಲಾ ಬೀ ಗೋಡೆಯ ಮೇಲಿಂದ ಸಾರು ಕೊಡುವುದನ್ನು ನಿಲ್ಲಿಸಿದಳು. "ತೌಬಾ ತೌಬಾ! ಬಂಗಾರದಂಥಾ ಕೇಶರಬಾಯಿ ಇದ್ದಾಗ ಇವಗ ಇನ್ನೊಬ್ಬಾಕಿ ಬೇಕೇನು? ನೀವೂ ಅವನ ಕೂಡ ಭಾಳ ಮಾತಾಡಬ್ಯಾಡ್ರಿ" ಎಂದು ನನಗೂ ತಾಕೀತಾಯಿತು. ಕ್ಷೌರದವನು ಕರೆಯದೆಯೇ ಬಂದು ಮೀಸೆ ತಿದ್ದಿ ಹೋದ. ಓಣಿಯಲ್ಲಿ ಎಲ್ಲರಿಗಿಂತ ಹಿರಿಯಳಾದ ಶೇವಂತಾಬಾಯಿ, "ಈ ವಯಸ್ಸಿನ್ಯಾಗ ನಾಚಿಕಿಲ್ಲೇನೋ?" ಎಂದು ಬೈದು, ಊಟಕ್ಕೆ ಹೋಳಿಗೆಯೋ ಬುಂದಿಯೋ ಎಂದು ಕೇಳಿಕೊಂಡು ಹೋದಳು.

ಮನ್ನಾಏಖೇಳ್ಳಿಯಿಂದ ಅವನ ಅಕ್ಕ ಸುಂದರಬಾಯಿ, ಮಚ್ಚೇಂದ್ರನ ತಾಯಿ, ಬಂದಳು. ತನಗೆ ಹೇಳಲಿಲ್ಲವೆಂದು ಮೊದಲು ಅತ್ತಳು. ಹೆಣ್ಣು ಯಾರೆಂದು ತಮ್ಮನೂ ಹೇಳಲಿಲ್ಲ, ಮಗನೂ ಹೇಳಲಿಲ್ಲ. ಹೆಣ್ಣೇ ಗೊತ್ತಾಗಿಲ್ಲವೆಂದು ತಿಳಿದು ಇನ್ನಷ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೆಲಸಕ್ಕೆ ನಿಂತಳು.

"ಹಂದರ ಹಾಕಿ ಹೆಣ್ಣಿಲ್ಲಂದ್ರ ಮನಿತನದ ಮರ್ಯಾದಿ ಏನಾಗ್ತದ? ಮಂಠಾಳದಾಗ ನಮ್ಮ ಮನಿಯವರ ಕಡಿಂದೊಂದು ಹೆಣ್ಣದ. ವಯಸ್ಸು ಕೇಳಬ್ಯಾಡ. ಎರಡು ಎಮ್ಮಿ ಕೊಡ್ತಾರ. ಹೇಳಿ ಕಳಿಸೀನಿ, ಶುಕ್ರವಾರ ಬರ್ತಾರ."

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ನನಗ ಮದುವಿ ಬ್ಯಾಡ!"

"ಹ್ಞಾಂ, ಮದುಮಗ ಹಂಗ ಅನ್ನಬೇಕು. ಅದೂ ಒಂದು ಶಾಸ್ತ್ರನ" ಎಂದು ಅವನ ಬಾಯಿಗೇ ಅರಿಶಿನ ಮೆತ್ತಿದಳು.

ಶುಕ್ರವಾರ ಹಂದರದಲ್ಲಿ ಇರುವೆಗೂ ಜಾಗವಿರಲಿಲ್ಲ. ನಾರುಹುಣ್ಣಿನ ಸಭೆ ಎಂದಿದ್ದರೆ ನಾಲ್ಕು ನಾಯಿ ಬರುತ್ತಿದ್ದವು. ತುಳಜಾರಾಮನ ಎರಡನೇ ಮದುವೆ ಎಂದರೆ ಯಾರು ಬಿಟ್ಟಾರು? ಅವನು ಹಳದಿ ಮುಖ, ಜರಿ ರುಮಾಲು, ಒದ್ದೆ ಕಣ್ಣುಗಳೊಡನೆ ಮಣೆಯ ಮೇಲೆ ಕೂತಿದ್ದ. ಬಾವಡಿಯ ನೀರಿನ ಕೊಡಗಳನ್ನು ಸಾಲಾಗಿ ಇಟ್ಟು, ಮಗುಚಿದ ಒರಳಿನ ಮೇಲೆ ಮಚ್ಚೇಂದ್ರ ಹತ್ತಿ ನಿಂತ.

"ಬಂಧುಗಳೇ, ಈ ನೀರಿನ್ಯಾಗ ಏನದ ಗೊತ್ತದ ಏನ್ರಿ?" ಎಂದು ಶುರು ಮಾಡಿದ್ದಷ್ಟೇ, ಅಮೀನಸಾಹೇಬರು ಒಳಗೆ ಬಂದರು.

"ಯೇ ಕ್ಯಾ? ಮದುವ್ಯಾಗ ಭಾಷಣ? ಇದು ಜಲ್ಸಾನೇ ಆತಲ್ಲ!"

ನನ್ನ ಮಗ ಒರಳಿನ ಹಿಂದೆ ಮರೆಯಾದ. ಆಗ ಹೆಂಗಸರು ಕೂತಿದ್ದ ಪರದೆಯ ಆಚೆಯಿಂದ ಲತೀಫಾಳ ದನಿ ಬಂತು: "ಭಾಷಣ ಅಲ್ರಿ ಸಾಹೇಬ್! ನೀರು ಸೋಸೋ ಶಾಸ್ತ್ರ! ಅಕ್ಷತಿಗಿಂತ ಮೊದಲು ಆಗಬೇಕು. ಗಂಡಿನ ಕಡಿಯವರು ಹಿಂಗ ನಿಂತು ಹೇಳಬೇಕು."

ನಮ್ಮ ಬೀದಿಯ ಎಷ್ಟೋ ಹಿಂದೂ ಮದುವೆಗಳಲ್ಲಿ ಉಂಡವನು ನಾನು, ಇಂಥ ಶಾಸ್ತ್ರ ಕಂಡಿರಲಿಲ್ಲ. ಅಮೀನಸಾಹೇಬರಿಗೂ ಸಂಶಯ ಬಂತು. ಶೇವಂತಾಬಾಯಿಯ ಕಡೆ ತಿರುಗಿ, "ದಾದೀ, ಇದು ಖರೇ ಏನು?" ಎಂದರು.

ಈಗ ಶೇವಂತಾಬಾಯಿಯ ಕಷ್ಟ ನೋಡಿ. ತನಗೆ ಗೊತ್ತಿಲ್ಲದ ಶಾಸ್ತ್ರವೊಂದಿದೆ ಎಂದು ಅಷ್ಟು ಹೆಂಗಸರ ಮುಂದೆ ಒಪ್ಪಿಕೊಳ್ಳುವುದು ಹೇಗೆ? "ಖರೇನರಿ! ನನ್ನ ಮದುವ್ಯಾಗೂ ಆಗಿತ್ತು. ಈಗಿನ ಮಂದಿ ಎಲ್ಲಾ ಬಿಟ್ಟು ಕುಂತಾರ" ಎಂದಳು. ಅವಳ ಪಕ್ಕದ ಮುದುಕಿ ಬಿಟ್ಟಾಳೆಯೇ? "ನಮ್ಮ ಮನಿತನದಾಗ ಎರಡೆರಡು ಸಲ ಸೋಸ್ತಿದ್ರು!" ಎಂದಳು. ಮೂರನೆಯವಳು ಅದಕ್ಕೊಂದು ಹಾಡೂ ಇತ್ತು, ಈಗ ಮರೆತಿದೆ ಎಂದಳು.

ಧೈರ್ಯ ಬಂದ ಮಚ್ಚೇಂದ್ರ ಭಾಷಣವನ್ನು ಮಂತ್ರದ ಧಾಟಿಯಲ್ಲಿ ಎಳೆಯತೊಡಗಿದ. "ಹುಣ್ಣಿನ ಕಾಲು ಬಾವಡಿಗೆ ಇಡಬಾರದೂ... ಹಗ್ಗ ಬಿಟ್ಟು ನೀರು ಸೇದಬೇಕೂ... ಸೋಸದ ನೀರು ಮದುಮಗ ಮುಟ್ಟಬಾರದೂ..." ಪ್ರತಿ ಸಾಲಿಗೂ ಹೆಂಗಸರು ಭಕ್ತಿಯಿಂದ ಅಕ್ಕಿಕಾಳು ಎಸೆದರು. ಮನೆಬಾಗಿಲಿಗೆ ಬಂದಾಗ ಬೈದು ಅಟ್ಟಿದವರೇ ಈಗ ಕೈಮುಗಿದು ಕೂತಿದ್ದರು.

"ಠೀಕ್ ಅದ" ಎಂದರು ಅಮೀನಸಾಹೇಬರು. "ದುಲ್ಹನ್ ಎಲ್ಲಿ?"

"ಮಂಠಾಳದಿಂದ ಗಾಡಿ ಹೊಂಟದ್ರಿ, ಈಗ ಬರ್ತದ" ಎಂದಳು ಸುಂದರಬಾಯಿ. ಅನ್ನುವುದಕ್ಕೂ ಕಮಾನಿನ ಗಾಡಿಯೊಂದು ಹಂದರದ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು. "ಹೆಣ್ಣು ಬಂತು, ಹೆಣ್ಣು ಬಂತು!" ಬಾಜಾದವರು ಗಲ್ಲ ಉಬ್ಬಿಸಿ ಊದಿದರು. ತುಳಜಾರಾಮ ಕಣ್ಣು ಮುಚ್ಚಿಕೊಂಡ. ತಲೆಯ ಮೇಲೆ ಸೆರಗು ಎಳೆದುಕೊಂಡ ಹೆಂಗಸೊಬ್ಬಳು ಇಳಿದಳು. ಹಿಂದೆಯೇ ದಪ್ಪ ಬಡಿಗೆ ಹಿಡಿದ ಗಂಡಸೊಬ್ಬ ಇಳಿದ. ಅವನು ಕೇಶರಬಾಯಿಯ ಅಣ್ಣ ದೇವಿದಾಸ. ಅವಳು ಸೆರಗು ಸರಿಸಿದಾಗ ಬಾಜಾ ತಾನಾಗಿಯೇ ನಿಂತಿತು.

"ಯಾಕ ನಿಲ್ಲಿಸಿದ್ರಿ? ಬಾರಸ್ರಿ" ಎಂದಳು ಕೇಶರಬಾಯಿ. "ನಮ್ಮ ಯಜಮಾನರ ಮದುವಿ, ನಾ ನೋಡಬ್ಯಾಡೇನು?"

ದೇವಿದಾಸ ಸಿಟ್ಟಿನಿಂದ ಬಡಿಗೆ ನೆಲಕ್ಕೆ ಕುಟ್ಟಿದ. ಆದರೆ ಮನೆಯ ಅಳಿಯನಿಗೆ ಮರ್ಯಾದೆ ಬಿಡುವ ಮನುಷ್ಯನಲ್ಲ. "ಭಾವಜೀ, ಸ್ವಲ್ಪ ಹೊರಗ ಬರ್ತೀರೇನ್ರಿ? ನಿಮಗ ನಾಲ್ಕು ಬಡೀಬೇಕಾಗೇದ" ಎಂದ.

ತುಳಜಾರಾಮ ಹೆಂಡತಿಯನ್ನು ನೋಡಿದ. ನಿಜ ಹೇಳಲೆಂದು ಬಾಯಿ ತೆರೆದ. ಒರಳಿನ ಮೇಲೆ ಬಿಳಿಚಿಕೊಂಡು ನಿಂತ ಮಚ್ಚೇಂದ್ರನನ್ನು ನೋಡಿದ. ಬಾಯಿ ಮುಚ್ಚಿದ. ಕಣ್ಣಲ್ಲಿ ನೀರು ಮಾತ್ರ ದಳದಳ ಇಳಿದು ಅರಿಶಿನದ ಮೇಲೆ ಎರಡು ಗೆರೆ ಕೊರೆಯಿತು.

"ಇವರು ಹಳೇ ಬೀವಿ ಏನು? ಹಂಗಾದ್ರ ಹೊಸಾಕಿ ಎಲ್ಲಿ?" ಅಮೀನಸಾಹೇಬರ ಹುಬ್ಬು ಮೇಲೇರಿತು. "ಹೆಣ್ಣಿಲ್ಲದ ಮದುವಿ, ನೀರು ಸೋಸೋ ಶಾಸ್ತ್ರ, ಎಲ್ಲಾ ಜಲ್ಸಾನೇ. ಏಯ್ ಹುಡುಗಾ, ಇಳಿ ಕೆಳಗ, ನಡಿ ಠಾಣೆಗೆ" ಎಂದು ಮಚ್ಚೇಂದ್ರನ ತೋಳು ಹಿಡಿದರು.

ಕೇಶರಬಾಯಿ ಸಾಲಾಗಿಟ್ಟ ಕೊಡಗಳನ್ನು ನೋಡಿದಳು. ಹುಡುಗನ ಕಾಲಿನ ಹಳೆಯ ಕಲೆ ನೋಡಿದಳು. ಗಂಡನ ಮುಖ ನೋಡಿದಳು. ನಾನು ಹೇಳಿದೆನಲ್ಲ, ಅವಳು ಅರ್ಥವಾದದ್ದನ್ನು ನಾಳೆಗಿಡುವವಳಲ್ಲ.

"ಹುಡುಗನ್ನ ಬಿಡ್ರಿ ಸಾಹೇಬ್ರ. ಹೆಣ್ಣು ನಾನ."

"ನೀವು ಮೊದಲೇ ಇವರ ಬೀವಿ ಅಲ್ಲೇನು?"

"ಹೌದ್ರಿ. ಮೊದಲನೇ ಸಲ ಹೊಲಿಗಿ ಸರಿಯಾಗಿ ಕೂಡಲಿಲ್ಲ. ಅದಕ್ಕ ಇನ್ನೊಮ್ಮೆ."

ಅಮೀನಸಾಹೇಬರು ದಿಕ್ಕುತಪ್ಪಿ ಶೇವಂತಾಬಾಯಿಯನ್ನು ನೋಡಿದರು. "ನಂದೂ ಎರಡು ಸಲ ಆಗಿತ್ತರಿ" ಎಂದಳು ಆ ಮಹಾತಾಯಿ.

ಕೇಶರಬಾಯಿ ಮಣೆಯತನಕ ಬಂದಳು, ಕೂರಲಿಲ್ಲ. "ಆದ್ರ ಶಾಸ್ತ್ರ ಪೂರಾ ಆಗಬೇಕು. ನೀರು ಮದುಮಗನ ರುಮಾಲದಾಗ ಸೋಸಬೇಕು. ಅವರ ಕೈಲೇ."

ನಾಲ್ಕು ಜನರ ಮುಂದೆ ಗಂಡಸು ರುಮಾಲು ಇಳಿಸುವುದೆಂದರೆ ನಮ್ಮ ಕಡೆ ಮಾನವನ್ನೇ ಇಳಿಸಿದಂತೆ. ತುಳಜಾರಾಮ ಎರಡೂ ಕೈಯೆತ್ತಿ ರುಮಾಲು ತೆಗೆದ. ನಡುತಲೆಯ ಬೋಳು ಬಿಸಿಲಿಗೆ ಹೊಳೆಯಿತು. ಒಂದು ಖಾಲಿ ಕೊಡದ ಬಾಯಿಗೆ ಅದನ್ನು ಎರಡು ಮಡಿಕೆ ಮಾಡಿ ಕಟ್ಟಿದ.

"ಕರಿಯಾಕ ಬರಬೇಕಾಗಿತ್ತು ನಾ" ಎಂದ ಮೆಲ್ಲಗೆ. "ದಿನಾ ಮೋಟಾರತನಕ ಬರ್ತಿದ್ದೆ. ಹತ್ತಾಕ ಕಾಲು ಏಳ್ತಿರಲಿಲ್ಲ."

"ಯಾಕ್ರಿ, ಕಾಲಿಗೆ ನಾರು ಆಗಿತ್ತೇನು?"

"ಇಲ್ಲ. ತಲಿಗೆ ಆಗಿತ್ತು."

ಕೇಶರಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಮಣೆಯ ಮೇಲೆ ಕೂತಳು. ಇನ್ನೊಂದು ಕೊಡದ ನೀರು ರುಮಾಲಿನ ಮೇಲೆ ಬಿತ್ತು. ಮಚ್ಚೇಂದ್ರ ಬಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿದ. ಬಿಳಿಯ ಚುಕ್ಕೆಯಂಥ ನೀರುಹುಳುಗಳು ಜರಿಯಂಚಿನ ಮೇಲೆ ಚಿಮ್ಮಿ ಚಿಮ್ಮಿ ಕುಣಿಯುತ್ತಿದ್ದವು. ಮುಂದಿನ ಸಾಲಿನವರು "ಛೀ!" ಎಂದು ಹಿಂದೆ ಸರಿದರು, ಹಿಂದಿನವರು ನೋಡಲು ಮುಂದೆ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಅಮೀನಸಾಹೇಬರ ಕಾಲಿನ ಪಟ್ಟಿ ಬಿಚ್ಚಿಹೋಯಿತು. ಒಳಗೆ ಕಡ್ಡಿ, ಕಡ್ಡಿಗೆ ಸುತ್ತಿದ ನಾರು. "ಕುದುರಿ ಒದ್ದದ" ಎಂದರು ಅವರು ಗಡಿಬಿಡಿಯಲ್ಲಿ.

ದೇವಿದಾಸ ಬಗ್ಗಿ ನೋಡಿದ. "ಸಾಹೇಬ್ರ, ನಿಮ್ಮ ಕುದುರಿ ಭಾಳ ಸಣ್ಣದ ಬಿಡ್ರಿ" ಎಂದ.

ಅಮೀನಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಕೂತುಬಿಟ್ಟರು. ಪಟ್ಟಿ ಮತ್ತೆ ಸುತ್ತಿಕೊಳ್ಳುತ್ತ, "ಈ ಶಾಸ್ತ್ರ ಠಾಣೆದಾಗೂ ಒಮ್ಮೆ ಮಾಡಿಸ್ರಿ" ಎಂದರು. ಅಕ್ಷತೆ ಬಿತ್ತು, ಊಟವಾಯಿತು. ಮಂಠಾಳದವರು ಬರಲೇ ಇಲ್ಲ. ಹೆಣ್ಣಿನ ತಂದೆಗೆ ಹಿಂದಿನ ದಿನವೇ ಕಾಲಿನಲ್ಲಿ ನಾರು ಕಾಣಿಸಿತಂತೆ.

ಅಂದಿನಿಂದ ನಮ್ಮ ಓಣಿಯಲ್ಲಿ ನೀರು ಸೋಸದೆ ಮದುವೆ ಆಗಲಿಲ್ಲ. ಮದುವೆಗೆ ಸೋಸಿದ ಮೇಲೆ ಸೀಮಂತಕ್ಕೆ, ಸೀಮಂತಕ್ಕೆ ಸೋಸಿದ ಮೇಲೆ ತೊಟ್ಟಿಲಿಗೆ, ಹೀಗೆ ಕೊನೆಗೆ ದಿನಾ ಸೋಸುವುದೇ ರೂಢಿಯಾಯಿತು. ಬಾವಡಿಗೆ ಗಡಗಡಿ, ಅಂದರೆ ರಾಟೆ ಬಂತು, ತುಳಜಾರಾಮನ ಹಗ್ಗ ಖರ್ಚಾಗತೊಡಗಿತು. ಮೂರನೆಯ ಮುದುಕಿಗೆ ಮರೆತ ಹಾಡೂ ನೆನಪಾಯಿತು.

ಆಮೇಲೆ ನನ್ನ ಲತೀಫಾಳ ನಿಕಾಹ್ ಬಂತು. ಬೇರೆ ಊರಿನ ಖಾಜಿಸಾಹೇಬರು ಬಂದು ಕೂತರು. ಆದರೆ ನಮ್ಮ ಮನೆಯ ಹೆಂಗಸರು ನೀರು ಸೋಸುವತನಕ ಶುರು ಮಾಡಬೇಡಿ ಎಂದು ಹಟ ಹಿಡಿದರು; ಅದು ಬಾಬಾ ಆದಮರ ಕಾಲದ ರಿವಾಜು ಎಂದು ನನ್ನ ಬಿಸ್ಮಿಲ್ಲಾ ಬೀಯೇ ಆಣೆಯಿಟ್ಟಳು. ಆ ಕೆಲಸಕ್ಕೆ ಬೇಕಾದ ರುಮಾಲು ತುಳಜಾರಾಮನದು. ಅವನು ಎಂದಿನಂತೆ ಬಾವಡಿಯ ಹತ್ತಿರ ಯಾರದೋ ಜಗಳದಲ್ಲಿದ್ದ, ಕರೆಯಲು ಮಚ್ಚೇಂದ್ರ ಓಡಿದ. ಕಾದು ಕಾದು ಬೇಸತ್ತ ಖಾಜಿಸಾಹೇಬರು, "ಇಷ್ಟು ಹೊತ್ತಾತು, ದೂಲಾ ಯಾರದಾರ, ಮುಂದ ಬರ್ರಿ!" ಎಂದು ಗುಡುಗುವುದಕ್ಕೂ, ಬರಿದಲೆ, ಹೆಗಲ ಮೇಲೆ ಕೊಡ, ಕೊಡದ ಬಾಯಿಗೆ ಜರಿಯ ರುಮಾಲು ಕಟ್ಟಿಕೊಂಡು ಏದುಸಿರು ಬಿಡುತ್ತ ನಮ್ಮ ಮನುಷ್ಯ ಒಳಗೆ ನುಗ್ಗುವುದಕ್ಕೂ ಸರಿಹೋಯಿತು.

"ನಾ ಇದ್ದೀನಿ ನೋಡ್ರಿ!"

ಹೆಂಗಸರ ಪರದೆಯ ಆಚೆಯಿಂದ ಕೇಶರಬಾಯಿಯ ದನಿ ಬಂತು: "ಈ ಸಲ ಹೆಣ್ಣು ನಾ ಆಗಾಂಗಿಲ್ಲ, ಹೇಳಿರ್ತೀನಿ!"